ಲೆಕ್ಕಪುಸ್ತಕವೂ ಪ್ರಾರ್ಥನಾಪುಸ್ತಕವೂ: ಹೆನ್ರಿ ಥಾರ್ನ್‌ಟನ್ (1760–1815) ಅವರ ಬದುಕಿನ ಒಂದು ಅವಲೋಕನ

ಹಿರೇಹಳ್ಳಿಯಿಂದ ಹೊರಟು ತುಮಕೂರು ನಗರವನ್ನು ದಾಟಿ ಮುಂದೆ ಸಾಗಿದರೆ ಗುಬ್ಬಿ ಸಿಗುತ್ತದೆ. ಈ ಗುಬ್ಬಿಯಲ್ಲಿ 1837ರಲ್ಲಿ ವೆಸ್ಲಿಯನ್ ಸಭೆಯ ಥಾಮಸ್ ಹಾಡ್ಸನ್ ಮಿಷನ್ ಕೇಂದ್ರವೊಂದನ್ನು ಆರಂಭಿಸಿದರು. ಎರಡು ವರ್ಷಗಳ ಬಳಿಕ, 1839ರಲ್ಲಿ, ಇಪ್ಪತ್ತು ವರ್ಷದ ಐರಿಷ್ ತರುಣ ವಿಲಿಯಂ ಆರ್ಥರ್ ಅವರೊಂದಿಗೆ ಸೇರಿಕೊಂಡರು. ಆರೋಗ್ಯ ಕೆಟ್ಟು 1841ರಲ್ಲೇ ಅವರು ತಾಯ್ನಾಡಿಗೆ ಮರಳಬೇಕಾಯಿತು. 1847ರಲ್ಲಿ ಮೈಸೂರು ಸೀಮೆಯ ತಮ್ಮ ಅನುಭವಗಳನ್ನು ಅವರು ಪುಸ್ತಕವಾಗಿ ಪ್ರಕಟಿಸಿದರು. ಅದಾಗಿ ಐದು ವರ್ಷಗಳಿಗೆ ಅವರು ಬರೆದ ಮತ್ತೊಂದು ಪುಸ್ತಕ ನಮ್ಮನ್ನು ಅಚ್ಚರಿಗೊಳಿಸುತ್ತದೆ. ಅದು ಸಂತರ ಚರಿತ್ರೆಯಲ್ಲ, ಧರ್ಮಪ್ರಚಾರಕರ ಕಥನವೂ ಅಲ್ಲ. ಬ್ರಿಸ್ಟಲ್ ನಗರದ ಬಳಿಯ ಸ್ಯಾಮ್ಯುಯೆಲ್ ಬಜೆಟ್ ಎಂಬ ದಿನಸಿ ವ್ಯಾಪಾರಿಯ ಜೀವನಚರಿತ್ರೆ.

ಗುಬ್ಬಿಯ ಸಂತೆಪೇಟೆಯನ್ನು ಕಂಡು ಹೋದ ಧರ್ಮಪ್ರಚಾರಕನಿಗೆ ಅಂಗಡಿಯವನೊಬ್ಬನ ಬದುಕು ಏಕೆ ಮುಖ್ಯವಾಯಿತು? ಆ ಕಾಲದ ಆಂಗ್ಲ ಪ್ರೊಟೆಸ್ಟೆಂಟ್ ಜಾಗೃತಿಯ ಒಂದು ಲಕ್ಷಣವನ್ನು ಅರಿಯದೆ ಈ ಪ್ರಶ್ನೆಗೆ ಉತ್ತರ ದೊರೆಯದು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನೂ ಪಾವಿತ್ರ್ಯಕ್ಕೆ ಕರೆಯಲ್ಪಟ್ಟವನೇ ಎಂಬುದು ಆ ಜಾಗೃತಿಯ ದೃಢವಾದ ನಿಲುವಾಗಿತ್ತು. ಈ ನಿಲುವನ್ನು ಆರ್ಥರ್ ಅವರಿಗಿಂತ ಒಂದು ತಲೆಮಾರು ಹಿಂದೆ, ಅತ್ಯಂತ ಶಿಸ್ತಿನಿಂದ ಬಾಳಿ ತೋರಿಸಿದವರು ಲಂಡನ್ನಿನ ಬ್ಯಾಂಕರ್ ಹಾಗೂ ಸಂಸತ್ ಸದಸ್ಯ ಹೆನ್ರಿ ಥಾರ್ನ್‌ಟನ್. ಧರ್ಮಪ್ರಚಾರಕರಿಗೆ ಭಾರತದ ಬಾಗಿಲು ಕಾನೂನುಬದ್ಧವಾಗಿ ತೆರೆಯುವಂತೆ ಶ್ರಮಿಸಿದ ಗುಂಪಿನಲ್ಲಿ ಅವರೂ ಒಬ್ಬರು. ಅವರ ಬದುಕನ್ನು ಹಣದ ವಿಷಯದಲ್ಲಿ ಕ್ರೈಸ್ತನ ಹೊಣೆ ಏನು ಎಂಬ ಒಂದೇ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮನೆತನ ಮತ್ತು ರಾಜಕೀಯ ಪ್ರವೇಶ

ಹೆನ್ರಿ ಥಾರ್ನ್‌ಟನ್ 1760ರ ಮಾರ್ಚ್ 10ರಂದು ಲಂಡನ್ನಿನ ಹೊರವಲಯದ ಕ್ಲಾಪಮ್‌ನಲ್ಲಿ ಜನಿಸಿದರು. ತಂದೆ ಜಾನ್ ಥಾರ್ನ್‌ಟನ್ ರಷ್ಯಾ ದೇಶದೊಡನೆ ವ್ಯಾಪಾರ ನಡೆಸುತ್ತಿದ್ದ ಸಿರಿವಂತರು, ದಾನಕ್ಕೆ ಹೆಸರಾದವರು. ಒಂದು ಕಾಲಕ್ಕೆ ಗುಲಾಮರ ಹಡಗಿನ ಕಪ್ತಾನರಾಗಿದ್ದು, ಮನಪರಿವರ್ತನೆಗೊಂಡು ಯಾಜಕರಾದ ಜಾನ್ ನ್ಯೂಟನ್ ಅವರಿಗೆ, ಬಡವರನ್ನೂ ಅತಿಥಿಗಳನ್ನೂ ಸತ್ಕರಿಸಲೆಂದು ಪ್ರತಿವರ್ಷ ಹಣ ಕಳುಹಿಸುತ್ತಿದ್ದವರು ಇವರೇ. ಮಗ ತಂದೆಯ ಔದಾರ್ಯವನ್ನು ಪಡೆದರೂ ತಂದೆಯ ರೀತಿಯನ್ನು ಅನುಸರಿಸಲಿಲ್ಲ. ತಂದೆಯದು ಮನಸ್ಸು ಬಂದಾಗ ಕೈ ಬಿಚ್ಚುವ ಸ್ವಭಾವ; ಮಗನದು ಎಣಿಸಿ, ವಿಚಾರಿಸಿ, ಬರೆದಿಟ್ಟು ಕೊಡುವ ಸ್ವಭಾವ.

1782ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಹೆನ್ರಿ ಚುನಾವಣೆಗೆ ನಿಲ್ಲಲು ಮುಂದಾದರು. ಮೊದಲು ಅವರ ಹೆಸರು ಕೇಳಿಬಂದದ್ದು ಹಲ್ ಪಟ್ಟಣದ ಕ್ಷೇತ್ರದಲ್ಲಿ. ಅಲ್ಲಿ ಪ್ರತಿಯೊಬ್ಬ ಮತದಾರನಿಗೂ ಎರಡು ಗಿನ್ನಿ ನೀಡುವ ವಾಡಿಕೆಯಿದೆ ಎಂದು ತಿಳಿದೊಡನೆ ಅವರು ಹಿಂದೆ ಸರಿದರು. ಬಳಿಕ ಲಂಡನ್ನಿನ ಸದರ್ಕ್ ಕ್ಷೇತ್ರದಿಂದ ಆಯ್ಕೆಯಾದರು. 1815ರಲ್ಲಿ ಸಾಯುವವರೆಗೂ, ಅಂದರೆ ಮೂವತ್ತೆರಡು ವರ್ಷಕ್ಕೂ ಹೆಚ್ಚು ಕಾಲ, ಅದೇ ಕ್ಷೇತ್ರವನ್ನು ಪ್ರತಿನಿಧಿಸಿದರು. ಅವರು ವಾಗ್ಮಿಯಾಗಿರಲಿಲ್ಲ. ಸಭೆಯನ್ನು ರೋಮಾಂಚನಗೊಳಿಸುವ ಶಕ್ತಿ ಅವರ ಬಂಧು ಹಾಗೂ ಆಪ್ತಮಿತ್ರ ವಿಲಿಯಂ ವಿಲ್ಬರ್‌ಫೋರ್ಸ್ ಅವರದು. ಸಮಿತಿಯ ಕೋಣೆಯಲ್ಲಿ ಕುಳಿತು ದಾಖಲೆಗಳನ್ನು ಜಾಲಾಡುವ ಸಹನೆ ಥಾರ್ನ್‌ಟನ್ ಅವರದು. ಧರ್ಮಸಭೆಯ ಇತಿಹಾಸದಲ್ಲಿ ಮೊದಲನೆಯವರ ಹೆಸರು ಉಳಿಯುತ್ತದೆ. ಎರಡನೆಯವರ ದುಡಿಮೆಯಿಂದ ಕಾರ್ಯ ಉಳಿಯುತ್ತದೆ.

1784ರಲ್ಲಿ ಅವರು ಬ್ಯಾಂಕೊಂದರ ಪಾಲುದಾರರಾದರು. ಅದು ಡೌನ್, ಥಾರ್ನ್‌ಟನ್ ಮತ್ತು ಫ್ರೀ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. 1792ರಲ್ಲಿ ಕ್ಲಾಪಮ್‌ನ ಬ್ಯಾಟರ್‌ಸೀ ರೈಸ್ ಎಂಬ ಮನೆಯನ್ನು ಕೊಂಡರು. ಕೆಲವು ವರ್ಷ ವಿಲ್ಬರ್‌ಫೋರ್ಸ್ ಅವರೂ ಅಲ್ಲೇ ಇದ್ದರು. ಈ ಮನೆಯ ಗ್ರಂಥಾಲಯದಲ್ಲಿ ಸೇರುತ್ತಿದ್ದ ಗೆಳೆಯರ ಬಳಗವೇ ಮುಂದೆ ‘ಕ್ಲಾಪಮ್ ಬಳಗ’ ಎಂದು ಹೆಸರಾಯಿತು. ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಹೋರಾಟದ ಯೋಜನೆಗಳು ರೂಪುಗೊಂಡದ್ದು ಇಲ್ಲಿ. 1807ರಲ್ಲಿ ಆ ಮಸೂದೆ ಭಾರೀ ಬಹುಮತದಿಂದ ಅಂಗೀಕಾರ ಪಡೆದ ರಾತ್ರಿ ಸಂಭ್ರಮದಲ್ಲಿದ್ದ ವಿಲ್ಬರ್‌ಫೋರ್ಸ್, ಇನ್ನು ಮುಂದೆ ಯಾವುದನ್ನು ನಿಷೇಧಿಸೋಣವೆಂದು ಗೆಳೆಯನನ್ನು ನಗುತ್ತ ಕೇಳಿದರಂತೆ. ಥಾರ್ನ್‌ಟನ್ ಗಂಭೀರವಾಗಿಯೇ ಲಾಟರಿಯನ್ನು ಎಂದು ಉತ್ತರಿಸಿದರಂತೆ. ಆಗ ಬ್ರಿಟನ್ನಿನಲ್ಲಿ ಸರ್ಕಾರವೇ ಲಾಟರಿ ನಡೆಸುತ್ತಿತ್ತು. ಅದು ನಿಂತದ್ದು 1826ರಲ್ಲಿ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಷೇಧವಾಗುವ ಮುನ್ನ ಎಷ್ಟು ಕೂಲಿಕಾರರ ಸಂಜೆಯ ಸಂಬಳ ಬಸ್ ನಿಲ್ದಾಣದ ಲಾಟರಿ ಅಂಗಡಿಗಳಲ್ಲಿ ಕರಗಿತು ಎಂಬುದನ್ನು ಕಂಡವರಿಗೆ ಈ ಉತ್ತರದ ತೂಕ ಅರಿವಾದೀತು.

ದಾನಕ್ಕೊಂದು ಲೆಕ್ಕ

1796ರಲ್ಲಿ ಮೇರಿಯಾನ್ ಸೈಕ್ಸ್ ಅವರನ್ನು ವಿವಾಹವಾಗುವ ತನಕ ಥಾರ್ನ್‌ಟನ್ ತಮ್ಮ ವರಮಾನದ ಏಳು ಪಾಲುಗಳಲ್ಲಿ ಆರು ಪಾಲನ್ನು ದಾನ ಮಾಡುತ್ತಿದ್ದರು. ಒಂಬತ್ತು ಮಕ್ಕಳ ಸಂಸಾರಸ್ಥರಾದ ಮೇಲೂ ಸುಮಾರು ಮೂರನೆಯ ಒಂದು ಪಾಲು ದಾನಕ್ಕೆ ಸಲ್ಲುತ್ತಿತ್ತು. ಇದನ್ನು ಅವರು ಕ್ರಮವಾಗಿ ಲೆಕ್ಕಪುಸ್ತಕದಲ್ಲಿ ನಮೂದಿಸುತ್ತಿದ್ದರು. ಜಾಹೀರು ಮಾಡುವುದು ಅವರ ಉದ್ದೇಶವಾಗಿರಲಿಲ್ಲ. ತಮಗೆ ತಾವೇ ಮೋಸ ಮಾಡಿಕೊಳ್ಳಬಾರದೆಂಬ ಎಚ್ಚರ ಅದಾಗಿತ್ತು. ಹಾಗೆಂದು ಕೇಳಿದವರಿಗೆಲ್ಲ ಅವರು ಕೊಡುತ್ತಿರಲಿಲ್ಲ. ವಿಚಾರಿಸದೆ ಕೊಡುವುದು ಕೊಡುವವನ ಸೋಮಾರಿತನ ಎಂಬುದು ಅವರ ಅಭಿಪ್ರಾಯವಾಗಿತ್ತು.

ಸಂತ ಲೂಕನ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಬರುವ ಜಕ್ಕಾಯನನ್ನು ಇಲ್ಲಿ ಸ್ಮರಿಸಬಹುದು. ಪ್ರಭುಯೇಸು ತನ್ನ ಮನೆಗೆ ಬಂದಾಗ ಜಕ್ಕಾಯ ಭಾವೋದ್ವೇಗದ ಮಾತುಗಳನ್ನು ಆಡುವುದಿಲ್ಲ, ಅಂಕಿಗಳನ್ನು ಹೇಳುತ್ತಾನೆ. ಆಸ್ತಿಯಲ್ಲಿ ಅರ್ಧ ಬಡವರಿಗೆ; ಮೋಸದಿಂದ ಪಡೆದಿದ್ದರೆ ಅದರ ನಾಲ್ಕರಷ್ಟು ವಾಪಸು. ಅವನ ಪಶ್ಚಾತ್ತಾಪಕ್ಕೆ ಒಂದು ಅಳತೆಯಿದೆ. ಅಳತೆಯಿಲ್ಲದ ಪಶ್ಚಾತ್ತಾಪ ಬಹುಬೇಗ ಮರೆತುಹೋಗುತ್ತದೆ ಎಂಬುದನ್ನು ಸುಂಕದವನು ಬಲ್ಲವನಾಗಿದ್ದ. ಬ್ಯಾಂಕರ್ ಥಾರ್ನ್‌ಟನ್ ಕೂಡ ಬಲ್ಲವರಾಗಿದ್ದರು.

ನಮ್ಮ ನಾಡಿನಲ್ಲೂ ಇಂಥ ಚಿಂತನೆಗೆ ಆಳವಾದ ಬೇರುಗಳಿವೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ರಾಜ್ಯದ ಹಣವೂ ಶರಣರ ದಾಸೋಹವೂ ಒಬ್ಬರದೇ ಹೊಣೆಯಾಗಿದ್ದಾಗ ಎದುರಾದ ಸಂಶಯ, ಆಪಾದನೆಗಳನ್ನು ಕಾವ್ಯಗಳೂ ಜನಪದವೂ ಇಂದಿಗೂ ನೆನೆಯುತ್ತವೆ. ಹಿರೇಹಳ್ಳಿಗೆ ಸಮೀಪದ ಸಿದ್ಧಗಂಗೆಯಲ್ಲಿ ದಿನನಿತ್ಯ ಸಾವಿರಾರು ಮಕ್ಕಳಿಗೆ ನಡೆಯುವ ಅನ್ನದಾಸೋಹವನ್ನು ಕಂಡ ನಮಗೆ ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಗೊತ್ತು. ದಾನಿ ತನ್ನದನ್ನು ಕೊಡುತ್ತೇನೆ ಎಂದು ಭಾವಿಸುತ್ತಾನೆ. ದಾಸೋಹಿಗೆ ತನ್ನದು ಎಂಬುದೇ ಇಲ್ಲ. ಸಂತ ಥಾಮಸ್ ಅಕ್ವಿನಾಸರು ವಸ್ತುಗಳ ಒಡೆತನ ಖಾಸಗಿಯಾಗಿರಬಹುದಾದರೂ ಅವುಗಳ ಬಳಕೆ ಎಲ್ಲರದಾಗಿರಬೇಕು ಎಂದು ಬೋಧಿಸಿದಾಗಲೂ, ಜಗದ್ಗುರು ಹದಿಮೂರನೆಯ ಲಿಯೋ 1891ರ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ಅದನ್ನು ಮತ್ತೆ ನೆನಪಿಸಿದಾಗಲೂ, ಧರ್ಮಸಭೆ ಹೇಳಿದ್ದು ಇದಕ್ಕೆ ಹತ್ತಿರವಾದ ಮಾತನ್ನೇ. ಥಾರ್ನ್‌ಟನ್ ಅವರು ಅಕ್ವಿನಾಸರ ಪರಂಪರೆಯಲ್ಲಿ ಬೆಳೆದವರಲ್ಲ. ಆದರೆ ತಾನು ಒಡೆಯನಲ್ಲ, ಪಾರುಪತ್ಯಗಾರ ಮಾತ್ರ ಎಂಬ ಅರಿವನ್ನು ಅವರು ಧರ್ಮಗ್ರಂಥದಿಂದಲೇ ಪಡೆದಿದ್ದರು.

ಪತ್ತು ಮತ್ತು ವಿಶ್ವಾಸ

1797ರ ಫೆಬ್ರವರಿ. ಫ್ರೆಂಚ್ ಸೇನೆ ಕಡಲತೀರಕ್ಕೆ ಬಂದಿಳಿಯಲಿದೆ ಎಂಬ ಭೀತಿ ಇಂಗ್ಲೆಂಡಿನಲ್ಲಿ ಹಬ್ಬಿತ್ತು. ಜನರು ಬ್ಯಾಂಕುಗಳಿಗೆ ಮುಗಿಬಿದ್ದು ಕಾಗದದ ನೋಟುಗಳನ್ನು ಕೊಟ್ಟು ಚಿನ್ನ ಕೇಳತೊಡಗಿದರು. ಕೊನೆಗೆ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟುಗಳಿಗೆ ಬದಲಾಗಿ ಚಿನ್ನ ಕೊಡುವುದನ್ನೇ ನಿಲ್ಲಿಸಬೇಕಾಯಿತು. ಇದಕ್ಕೆ ಕಾರಣವೇನೆಂದು ತನಿಖೆ ನಡೆಸಿದ ಸಂಸತ್ತಿನ ಸಮಿತಿಗಳ ಮುಂದೆ ಥಾರ್ನ್‌ಟನ್ ಸಾಕ್ಷ್ಯ ನುಡಿದರು. ಆ ಚಿಂತನೆಯನ್ನು ವಿಸ್ತರಿಸಿ 1802ರಲ್ಲಿ ಬ್ರಿಟನ್ನಿನ ಕಾಗದದ ಪತ್ತಿನ ಸ್ವರೂಪವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಬಹುಕಾಲ ಮರೆಯಲ್ಲಿದ್ದ ಆ ಗ್ರಂಥವನ್ನು 1939ರಲ್ಲಿ ಅರ್ಥಶಾಸ್ತ್ರಜ್ಞ ಹಯೆಕ್ ಮರುಮುದ್ರಿಸಿದ ಮೇಲೆ, ಅದು ಹಣಕಾಸು ಚಿಂತನೆಯ ಶ್ರೇಷ್ಠ ಕೃತಿಗಳಲ್ಲೊಂದೆಂದು ವಿದ್ವಾಂಸರು ಮನ್ನಿಸಿದ್ದಾರೆ.

ಗ್ರಂಥದ ತಿರುಳನ್ನು ಸರಳವಾಗಿ ಹೀಗೆ ಹೇಳಬಹುದು. ವ್ಯಾಪಾರ ನಡೆಯುವುದು ಮನುಷ್ಯರು ಪರಸ್ಪರರ ಮೇಲಿಟ್ಟ ನಂಬಿಕೆಯ ಆಧಾರದ ಮೇಲೆ. ಚಿನ್ನ ಆ ನಂಬಿಕೆಯ ಒಂದು ಸಾಧನವಷ್ಟೇ. ಭೀತಿ ಹಬ್ಬಿದಾಗ ಪ್ರತಿಯೊಬ್ಬನೂ ತನ್ನ ಪಾಲನ್ನು ಬಚ್ಚಿಡುತ್ತಾನೆ. ಆಗ ದೇಶದ ಹಿರಿಯ ಬ್ಯಾಂಕೂ ಹೆದರಿ ಕೈ ಬಿಗಿಹಿಡಿದರೆ, ಸಾಲ ತೀರಿಸಲು ಶಕ್ತರಾದ ಪ್ರಾಮಾಣಿಕ ವರ್ತಕರೂ ಮುಳುಗುತ್ತಾರೆ. ಆದ್ದರಿಂದ ಭೀತಿಯ ದಿನಗಳಲ್ಲಿ ಆ ಬ್ಯಾಂಕು ಧೈರ್ಯವಾಗಿ ಸಾಲ ನೀಡಬೇಕು. ಆದರೆ ತಮ್ಮ ಅವಿವೇಕದಿಂದಲೇ ಕೆಟ್ಟ ಪ್ರತಿಯೊಂದು ಸಂಸ್ಥೆಯನ್ನೂ ಉಳಿಸಲು ಹೋಗಬಾರದು. ನೋಟುಗಳನ್ನು ಮಿತಿಮೀರಿ ಹೊರಡಿಸುತ್ತಲೇ ಇದ್ದರೆ ಬೆಲೆಗಳು ಏರಿ ನಾಣ್ಯದ ಮೌಲ್ಯ ಕುಸಿಯುತ್ತದೆ. 1810ರಲ್ಲಿ ಸಂಸತ್ತು ನೇಮಿಸಿದ ಚಿನ್ನಬೆಳ್ಳಿ ಗಟ್ಟಿಗಳ ಸಮಿತಿಯ ವರದಿಯಲ್ಲಿ ಈ ಕೊನೆಯ ಅಂಶ ಒತ್ತು ಪಡೆಯಿತು. ಅದರ ಪ್ರಮುಖ ಸದಸ್ಯರಲ್ಲಿ ಥಾರ್ನ್‌ಟನ್ ಒಬ್ಬರು.

ದೈವಶಾಸ್ತ್ರದ ವಿದ್ಯಾರ್ಥಿಗೆ ಇದರಿಂದೇನು? ಕ್ರೆಡಿಟ್ ಎಂಬ ಪದದ ಬೇರು ಲತೀನಿನ ‘ಕ್ರೇದೆರೆ’. ಪೂಜೆಯಲ್ಲಿ ನಾವು ವಿಶ್ವಾಸಪ್ರಮಾಣವನ್ನು ‘ಕ್ರೇದೋ’ ಎಂದು ಆರಂಭಿಸುವುದೂ ಅದೇ ಕ್ರಿಯಾಪದದಿಂದ. ಕನ್ನಡದಲ್ಲಿಯೂ ವಿಶ್ವಾಸ ಎಂಬ ಒಂದೇ ಮಾತು ದೇವರ ಮುಂದೆಯೂ ನೆರೆಯವನ ಮುಂದೆಯೂ ಸಲ್ಲುತ್ತದೆ. ನಮ್ಮ ಹಳ್ಳಿಗಳ ಪತ್ತಿನ ಸಹಕಾರ ಸಂಘಗಳಲ್ಲಿ ರೈತನಿಗೆ ಸಾಲ ಸಿಗುವುದು ಇನ್ನಿಬ್ಬರು ಅವನಿಗಾಗಿ ಜಾಮೀನು ನಿಂತಾಗ. ನೆರೆಯವನ ನಂಬಿಕೆಯನ್ನು ಹಾಳುಮಾಡುವವನು ಬರಿಯ ಹಣವನ್ನು ಹಾಳುಮಾಡುವುದಿಲ್ಲ. ಸಮುದಾಯವನ್ನು ಕಟ್ಟಿ ನಿಲ್ಲಿಸಿದ ಅಡಿಗಲ್ಲನ್ನೇ ಕದಲಿಸುತ್ತಾನೆ. ಥಾರ್ನ್‌ಟನ್ ತಮ್ಮ ಗ್ರಂಥದಲ್ಲಿ ದೈವಶಾಸ್ತ್ರವನ್ನು ಬೋಧಿಸಲಿಲ್ಲ. ಆದರೆ ಬೆಳಿಗ್ಗೆ ಮನೆಮಂದಿಯನ್ನೂ ಸೇವಕರನ್ನೂ ಸೇರಿಸಿ ಪ್ರಾರ್ಥಿಸುತ್ತಿದ್ದವರು, ಬಳಿಕ ನಂಬಿಕೆಯನ್ನೇ ಬಂಡವಾಳವಾಗುಳ್ಳ ಕಚೇರಿಗೆ ಹೋಗಿ ಕೂರುತ್ತಿದ್ದರು. ಅವರು ರಚಿಸಿದ ಕುಟುಂಬ ಪ್ರಾರ್ಥನೆಗಳು ಅವರ ಮರಣಾನಂತರ, 1834ರಲ್ಲಿ, ಪುಸ್ತಕವಾಗಿ ಹೊರಬಂದು ಇಂಗ್ಲೆಂಡಿನ ಅಸಂಖ್ಯ ಮನೆಗಳನ್ನು ತಲುಪಿದವು.

ಭಾರತದ ಬಾಗಿಲು, ಕನ್ನಡದ ಬೈಬಲ್

ಥಾರ್ನ್‌ಟನ್ ಅನೇಕ ಸಂಘಗಳಿಗೆ ಖಜಾಂಚಿಯಾಗಿದ್ದರು. 1799ರಲ್ಲಿ ಆರಂಭವಾದ ಚರ್ಚ್ ಮಿಷನರಿ ಸೊಸೈಟಿಗೂ 1804ರಲ್ಲಿ ಹುಟ್ಟಿದ ಬ್ರಿಟಿಷ್ ಆ್ಯಂಡ್ ಫಾರಿನ್ ಬೈಬಲ್ ಸೊಸೈಟಿಗೂ ಅವರೇ ಮೊದಲ ಖಜಾಂಚಿ. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಲ್ಲಿ ಒಬ್ಬರಾದ ಚಾರ್ಲ್ಸ್ ಗ್ರಾಂಟ್ ಕ್ಲಾಪಮ್‌ನಲ್ಲಿ ಅವರ ನೆರೆಯವರು. ಕಂಪನಿಯ ಪ್ರದೇಶಗಳಲ್ಲಿ ಧರ್ಮಪ್ರಚಾರಕರಿಗೆ ಅವಕಾಶ ಕೊಡಬೇಕೆಂದು 1793ರಲ್ಲಿ ನಡೆದ ಪ್ರಯತ್ನ ಸೋತಿತು. ಇಪ್ಪತ್ತು ವರ್ಷಗಳ ನಂತರ, 1813ರಲ್ಲಿ ಕಂಪನಿಯ ಸನ್ನದು ನವೀಕರಣಕ್ಕೆ ಬಂದಾಗ ದೇಶದ ಮೂಲೆಮೂಲೆಗಳಿಂದ ಎಂಟುನೂರಕ್ಕೂ ಹೆಚ್ಚು ಅರ್ಜಿಗಳು ಸಂಸತ್ತಿಗೆ ಬಂದವು. ಆ ವರ್ಷದ ಶಾಸನ ಬಾಗಿಲನ್ನು ತೆರೆಯಿತು. ಭಾರತೀಯರ ವಿದ್ಯಾಭ್ಯಾಸಕ್ಕೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ತೆಗೆದಿಡಬೇಕೆಂದೂ ಅದೇ ಶಾಸನ ವಿಧಿಸಿತು.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅದಕ್ಕೂ ಮೊದಲೇ, 1810ರಲ್ಲಿ, ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ತೊಡಗಿದ್ದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಅದರ ಹಿಂದೆ ಬೈಬಲ್ ಸೊಸೈಟಿಯ ನೆರವಿತ್ತು. ಹಾಡ್ಸನ್ ಮತ್ತು ಆರ್ಥರ್ ಗುಬ್ಬಿಗೆ ಬಂದದ್ದು ಬೇರೊಂದು ಸಂಘದಿಂದಾದರೂ, ಅವರು ಹಾದು ಬಂದದ್ದು 1813ರ ಬಾಗಿಲಿನಿಂದಲೇ.

ಇಲ್ಲಿ ಎರಡು ಮಾತುಗಳನ್ನು ಮರೆಮಾಚದೆ ಹೇಳಬೇಕು. ಮೊದಲನೆಯದಾಗಿ, ಮೈಸೂರು ಸೀಮೆಗೆ ಶುಭಸಂದೇಶ ಕಂಪನಿಯ ಸನ್ನದಿನೊಂದಿಗೆ ಬಂದದ್ದಲ್ಲ. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿ 1648ರ ಹೊತ್ತಿಗೇ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ತಳಹದಿ ಹಾಕಿದ್ದರು. ಅವರ ಹಿಂದೆ ಕಂಪನಿಯ ಸನ್ನದಿರಲಿಲ್ಲ. ಎರಡನೆಯದಾಗಿ, ಗ್ರಾಂಟ್ ಅವರು ಭಾರತೀಯ ಸಮಾಜದ ಬಗ್ಗೆ ಬರೆದ ಪ್ರಬಂಧದಲ್ಲಿ ತಿರಸ್ಕಾರ ದಟ್ಟವಾಗಿದೆ. ಭಾರತೀಯನ ಆತ್ಮಕ್ಕಾಗಿ ಮರುಗಿದ ಆ ಬಳಗ, ಭಾರತೀಯ ರೈತನ ಕಂದಾಯದಿಂದ ಕಂಪನಿ ನಡೆಯುತ್ತಿತ್ತು ಎಂಬುದನ್ನು ಅದೇ ತೀವ್ರತೆಯಿಂದ ಪ್ರಶ್ನಿಸಲಿಲ್ಲ.

ಲೆಕ್ಕದಲ್ಲಿ ಬಿಟ್ಟುಹೋದ ಸಾಲು

ಥಾರ್ನ್‌ಟನ್ ಅವರ ಬದುಕಿನ ನೋವಿನ ಅಧ್ಯಾಯ ಆಫ್ರಿಕಾಕ್ಕೆ ಸಂಬಂಧಿಸಿದ್ದು. 1791ರಲ್ಲಿ ಸ್ಥಾಪನೆಯಾದ ಸಿಯೆರಾ ಲಿಯೋನ್ ಕಂಪನಿಗೆ ಅವರೇ ಅಧ್ಯಕ್ಷರು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರಿಗೆ ಆಫ್ರಿಕಾದಲ್ಲಿ ಒಂದು ನೆಲೆ ಒದಗಿಸುವುದು, ಗುಲಾಮರಿಲ್ಲದೆಯೂ ವ್ಯಾಪಾರ ನಡೆಯಬಲ್ಲದೆಂದು ಜಗತ್ತಿಗೆ ತೋರಿಸುವುದು ಅದರ ಧ್ಯೇಯ. 1792ರಲ್ಲಿ ಸುಮಾರು 1,200 ಕಪ್ಪು ಜನಾಂಗದ ವಲಸಿಗರು ನೋವಾ ಸ್ಕೋಷಿಯಾದಿಂದ ಹಡಗೇರಿ ಬಂದು ಫ್ರೀಟೌನ್ ಕಟ್ಟಿದರು. ಅವರನ್ನು ಕರೆತಂದ ಜಾನ್ ಕ್ಲಾರ್ಕ್‌ಸನ್, ನಿಮ್ಮ ಜಮೀನಿಗೆ ಕಂದಾಯವಿರುವುದಿಲ್ಲವೆಂದು ಮಾತು ಕೊಟ್ಟಿದ್ದರು. ಲಂಡನ್ನಿನ ನಿರ್ದೇಶಕರ ಲೆಕ್ಕ ಬೇರೆಯಾಗಿತ್ತು. ಕಂಪನಿಯ ಖರ್ಚು ಹೊರಡಬೇಕಾದರೆ ಕಂದಾಯ ಬೇಕೆಂದು ಅವರು ಪಟ್ಟು ಹಿಡಿದರು. ಕ್ಲಾರ್ಕ್‌ಸನ್ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. ಅಸಮಾಧಾನ ಬೆಳೆದು 1800ರಲ್ಲಿ ದಂಗೆಯಾಯಿತು. ಅದನ್ನು ಬಲಪ್ರಯೋಗದಿಂದ ಹತ್ತಿಕ್ಕಲಾಯಿತು. ನಷ್ಟದಲ್ಲಿ ಮುಳುಗಿದ ಕಂಪನಿಯಿಂದ ಆ ನೆಲೆ 1808ರಲ್ಲಿ ಬ್ರಿಟಿಷ್ ಸರ್ಕಾರದ ವಶಕ್ಕೆ ಹೋಯಿತು.

ಇದರಲ್ಲಿ ಥಾರ್ನ್‌ಟನ್ ಸ್ವಂತಕ್ಕೆ ಗಳಿಸಿದ್ದೇನೂ ಇಲ್ಲ, ಕಳೆದುಕೊಂಡದ್ದೇ ಹೆಚ್ಚು. ಅವರ ಪ್ರಾಮಾಣಿಕತೆಯ ಬಗ್ಗೆ ಸಂಶಯವಿಲ್ಲ. ಆದರೂ ಅನ್ಯಾಯ ನಡೆಯಿತು. ಯಾರ ಹಿತಕ್ಕಾಗಿ ಲೆಕ್ಕ ಬರೆಯಲಾಗುತ್ತಿತ್ತೋ ಅವರಿಗೆ ಆ ಲೆಕ್ಕವನ್ನು ಪ್ರಶ್ನಿಸುವ ಹಕ್ಕಿರಲಿಲ್ಲ. ಕೊಟ್ಟ ಮಾತೂ ಒಂದು ಸಾಲವೇ ಎಂಬುದನ್ನು, ಪತ್ತಿನ ಮಹತ್ವವನ್ನು ಅಷ್ಟು ಚೆನ್ನಾಗಿ ಬಲ್ಲವರೇ ಮರೆತರು. ಲಂಡನ್ನಿನ ವರ್ತಕನ ವಿಶ್ವಾಸ ಅವರಿಗೆ ಬಂಡವಾಳವಾಗಿ ಕಂಡಿತು. ಫ್ರೀಟೌನಿನ ವಲಸಿಗನ ವಿಶ್ವಾಸ ಹಾಗೆ ಕಾಣಲಿಲ್ಲ. ಒಳ್ಳೆಯವರಿಂದಲೂ ಇಂಥ ತಪ್ಪು ನಡೆಯಬಲ್ಲದು ಎಂಬುದೇ ಈ ಅಧ್ಯಾಯ ನಮಗೆ ನೀಡುವ ಎಚ್ಚರಿಕೆ.

ಮುಕ್ತಾಯ

ಕ್ಷಯರೋಗದಿಂದ ಬಳಲಿದ ಹೆನ್ರಿ ಥಾರ್ನ್‌ಟನ್ 1815ರ ಜನವರಿ 16ರಂದು ವಿಲ್ಬರ್‌ಫೋರ್ಸ್ ಅವರ ಮನೆಯಲ್ಲಿ ತೀರಿಕೊಂಡರು. ಅದೇ ವರ್ಷ ಅಕ್ಟೋಬರಿನಲ್ಲಿ ಪತ್ನಿಯೂ ಅಗಲಿದರು. ತಬ್ಬಲಿಗಳಾದ ಒಂಬತ್ತು ಮಕ್ಕಳನ್ನು ಕುಟುಂಬದ ಗೆಳೆಯರಾದ ಇಂಗ್ಲಿಸ್ ದಂಪತಿಗಳು ಸಾಕಿದರು. ಹತ್ತು ವರ್ಷಗಳ ನಂತರ, 1825ರ ಡಿಸೆಂಬರಿನ ಭಾರೀ ಹಣಕಾಸು ಮುಗ್ಗಟ್ಟಿನಲ್ಲಿ, ಅವರ ಹಿರಿಯ ಮಗ ಪಾಲುದಾರನಾಗಿದ್ದ ಅದೇ ಬ್ಯಾಂಕು ತತ್ತರಿಸಿತು. ತಂದೆಯು ತಮ್ಮ ಗ್ರಂಥದಲ್ಲಿ ಹೇಳಿದ್ದಂತೆ ಬ್ಯಾಂಕ್ ಆಫ್ ಇಂಗ್ಲೆಂಡ್ ನೆರವಿಗೆ ಬಂದಿತಾದರೂ ಕೆಲವೇ ದಿನಗಳಲ್ಲಿ ಬಾಗಿಲು ಮುಚ್ಚಬೇಕಾಯಿತು. ತಂದೆ ಗಳಿಸಿದ ವಿಶ್ವಾಸ ಉಯಿಲಿನ ಮೂಲಕ ಮಕ್ಕಳಿಗೆ ವರ್ಗವಾಗುವುದಿಲ್ಲ. ಪ್ರತಿಯೊಂದು ತಲೆಮಾರೂ ಅದನ್ನು ಹೊಸದಾಗಿ ಸಂಪಾದಿಸಬೇಕು.

ಗುರುದೀಕ್ಷೆಯಾದ ಹೊಸತರಲ್ಲಿ ನನ್ನನ್ನು ಒಂದು ಸಣ್ಣ ಧರ್ಮಕೇಂದ್ರಕ್ಕೆ ನೇಮಿಸಲಾಗಿತ್ತು. ಬಲಿಪೂಜೆ, ಪ್ರಬೋಧನೆಗಳಿಗೆ ಶ್ರದ್ಧೆಯಿಂದ ಸಿದ್ಧನಾಗುತ್ತಿದ್ದ ನಾನು, ಹಬ್ಬದ ಕಾಣಿಕೆಯ ಲೆಕ್ಕವನ್ನು ತಿಂಗಳುಗಟ್ಟಲೆ ಬರೆಯದೆ ಬಿಟ್ಟಿದ್ದೆ. ಒಂದು ರೂಪಾಯಿಯೂ ದುರುಪಯೋಗವಾಗಿರಲಿಲ್ಲ. ಆದ್ದರಿಂದ ಮನಸ್ಸಿಗೆ ಅಳುಕೂ ಇರಲಿಲ್ಲ. ಒಂದು ಸಂಜೆ ಚಿಲ್ಲರೆ ಅಂಗಡಿ ಇಟ್ಟುಕೊಂಡಿದ್ದ ಹಿರಿಯರೊಬ್ಬರು ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದು, “ಫಾದರ್, ದೇವ್ರಿಗೆ ಲೆಕ್ಕ ಗೊತ್ತೈತೆ. ನಮ್ಗೂ ಒಸಿ ಗೊತ್ತಾದ್ರೆ ಒಳ್ಳೇದಲ್ವಾ?” ಎಂದರು. ಆ ಮಾತಿನಲ್ಲಿ ಆಪಾದನೆ ಇರಲಿಲ್ಲ, ಮರ್ಯಾದೆಯಿತ್ತು. ಆ ರಾತ್ರಿ ಕುಳಿತು ಲೆಕ್ಕ ಬರೆದು ಮುಗಿಸುವಾಗ, ಗುರುಮಠದ ಎಷ್ಟೋ ಪಾಠಗಳಲ್ಲಿ ಕಲಿಯದ ಸಂಗತಿಯೊಂದನ್ನು ಕಲಿತೆ. ನನ್ನ ಪ್ರಾಮಾಣಿಕತೆ ನನಗೆ ತಿಳಿದಿದ್ದರೆ ಸಾಲದು. ಕಾಣಿಕೆ ಕೊಟ್ಟವರು ತಮ್ಮ ವಿಶ್ವಾಸವನ್ನೇ ನನ್ನ ಕೈಗೆ ಕೊಟ್ಟಿದ್ದಾರೆ. ಅದಕ್ಕೆ ಲೆಕ್ಕ ಕೇಳುವ ಹಕ್ಕು ಅವರದು.

ಥಾರ್ನ್‌ಟನ್ ಅವರ ಸಾಧನೆಯನ್ನೂ ಸೋಲನ್ನೂ ಒಟ್ಟಾಗಿ ಓದಿದರೆ ದೊರೆಯುವ ಪಾಠವೂ ಇದೇ. ತಮ್ಮ ದಾನಕ್ಕೆ ಅವರು ದೇವರ ಮುಂದೆ ಕಟ್ಟುನಿಟ್ಟಾಗಿ ಲೆಕ್ಕವಿಟ್ಟರು; ಅದು ಅವರ ಹಿರಿಮೆ. ಫ್ರೀಟೌನಿನ ಬಡ ವಲಸಿಗರಿಗೆ ಲೆಕ್ಕ ಒಪ್ಪಿಸಲಿಲ್ಲ. ಅದು ಅವರ ಕೊರತೆ. ಹದಿನಾರನೆಯ ಅಧ್ಯಾಯದಲ್ಲಿ ಸಂತ ಲೂಕನು ಹೇಳುವ ಸಾಮತಿಯಲ್ಲಿ ಪಾರುಪತ್ಯಗಾರನಿಗೆ ಒಡೆಯನಿಂದ ಬರುವ ಆಜ್ಞೆ ಲೆಕ್ಕ ಒಪ್ಪಿಸಬೇಕೆಂಬುದು. ನಾಳೆ ಧರ್ಮಕೇಂದ್ರಗಳಿಗೆ, ಶಾಲೆಗಳಿಗೆ, ಆಸ್ಪತ್ರೆಗಳಿಗೆ ಹೊಣೆಗಾರರಾಗಿ ಹೋಗಲಿರುವ ಗುರು ವಿದ್ಯಾರ್ಥಿಗಳು ಆ ಆಜ್ಞೆಯನ್ನು ಅಂತ್ಯತೀರ್ಪಿನ ದಿನಕ್ಕಷ್ಟೇ ಮೀಸಲಿಡದಿರಲಿ. ಪ್ರತಿ ತಿಂಗಳ ಕೊನೆಯ ಭಾನುವಾರ ಪೂಜೆ ಮುಗಿದ ಮೇಲೆ, ದೇವಾಲಯದ ಬಾಗಿಲ ಬಳಿಯ ಹಲಗೆಯ ಮೇಲೆ, ಎಲ್ಲರಿಗೂ ಓದಲು ಬರುವ ಕನ್ನಡದಲ್ಲಿ, ಬಂದದ್ದೆಷ್ಟು ಹೋದದ್ದೆಷ್ಟು ಎಂದು ಬರೆದು ಅಂಟಿಸುವ ಸಣ್ಣ ಕೆಲಸದಿಂದ ಅದನ್ನು ಪಾಲಿಸಲು ಆರಂಭಿಸಬಹುದು.